ಡ್ಯೂಟಿ ಮುಗಿದ ಮೇಲೂ ಆಟಗಾರ ಲೀಗಿನ ಆಳೇ?

ಪಾಪಿನಾಯಕನಹಳ್ಳಿ, ಗಾದಿಗನೂರು ಕಡೆಯಿಂದ ತೋರಣಗಲ್ಲಿಗೆ ಕೆಲಸಕ್ಕೆ ಹೋಗುವವರಿಗೆ ಗೇಟ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಒಳಗೆ ಬಿಡುವ ಮುಂಚೆ ಬಾಯಿಗೆ ಮಷೀನ್ ಹಿಡಿದು ಊದು ಅಂತಾರೆ. ರಾತ್ರಿ ಕುಡಿದದ್ದು ಬೆಳಿಗ್ಗೆ ತೋರಿಸಿದರೆ ಆ ದಿನದ ಹಾಜರಿ ಇಲ್ಲ, ಮನೆಗೆ ವಾಪಸ್ಸು. ಕುಡಿದಿದ್ದು ನಮ್ಮ ಟೈಮಲ್ಲಿ, ನಮ್ಮ ದುಡ್ಡಲ್ಲಿ. ಆದರೂ ಇದಕ್ಕೆ ಯಾರೂ ತಕರಾರು ತೆಗೆಯಲ್ಲ. ಕ್ರೇನ್ ಓಡಿಸುವವನ ಕೈ ನಡುಗಿದರೆ ಕೆಳಗೆ ನಿಂತವನ ಜೀವ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಆದರೆ ಅದೇ ಗೇಟಲ್ಲಿ ಕಾಂಟ್ರಾಕ್ಟರ್ ನಿಂತು, ನಿನ್ನೆ ಮದುವೆ ಮನೆಯಲ್ಲಿ ಯಾರ ಜೊತೆ ಕೂತಿದ್ದೆ, ಏನು ತಮಾಷೆ ಮಾಡಿದೆ, ಹೆಂಡತಿ ಎಷ್ಟು ದಿನಕ್ಕೆ ಊರಿಂದ ಬಂದಿದ್ದಾಳೆ ಅಂತ ಕೇಳಿದರೆ? ಅಲ್ಲಿಗೆ ಮಾತು ಬೇರೆ ಆಗುತ್ತದೆ.

ಕ್ರಿಕೆಟ್ ಆಟಗಾರರ ಶಿಸ್ತಿನ ಸುದ್ದಿ ಬಂದಾಗಲೆಲ್ಲ ನನಗೆ ಈ ಗೇಟ್ ನೆನಪಾಗುತ್ತದೆ. ಆಟ ಮುಗಿದ ಮೇಲೆ, ಜೆರ್ಸಿ ಕಳಚಿದ ಮೇಲೆ ಆಟಗಾರ ಹೇಗಿರಬೇಕು ಅಂತ ಹೇಳುವ ಅಧಿಕಾರ ಲೀಗಿಗೆ, ಮಂಡಳಿಗೆ ಇದೆಯಾ? ಇದ್ದರೆ ಎಲ್ಲಿಯವರೆಗೆ?

ನಮ್ಮ ಕರ್ನಾಟಕದ ಹುಡುಗನ ಉದಾಹರಣೆಯನ್ನೇ ತಗೊಳ್ಳಿ. 2019ರ ಜನವರಿಯಲ್ಲಿ ಕೆ.ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ 'ಕಾಫಿ ವಿತ್ ಕರಣ್' ಅನ್ನೋ ಟಿವಿ ಕಾರ್ಯಕ್ರಮದಲ್ಲಿ ಕೂತು ಮಾತಾಡಿದರು. ಹೆಣ್ಣುಮಕ್ಕಳ ಬಗ್ಗೆ ಹಗುರವಾದ ಮಾತು ಬಂತು. ಹೆಚ್ಚು ಮಾತು ಪಾಂಡ್ಯ ಅವರದು, ರಾಹುಲ್ ಅವರದು ಕಡಿಮೆ. ದೇಶದ ತುಂಬ ಗಲಾಟೆ ಆಯಿತು. ಇಬ್ಬರನ್ನೂ ಅಮಾನತು ಮಾಡಿ ಆಸ್ಟ್ರೇಲಿಯಾ ಪ್ರವಾಸದಿಂದ ವಾಪಸ್ ಕಳಿಸಿದರು.

ಆ ಮಾತು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಟಿವಿ ನೋಡುವ ಹುಡುಗರು ಅದನ್ನೇ ಕಲಿಯುತ್ತಾರೆ ಅನ್ನುವ ಸಿಟ್ಟೂ ನ್ಯಾಯವಾದದ್ದೇ. ಆದರೆ ಮುಂದೆ ಆಗಿದ್ದನ್ನು ನೋಡಿ. ವಿಚಾರಣೆ ಮಾಡಬೇಕಾದ ಒಂಬುಡ್ಸ್‌ಮನ್ ಆಗ ಇನ್ನೂ ನೇಮಕವೇ ಆಗಿರಲಿಲ್ಲ. ಅಂದರೆ ನ್ಯಾಯಾಧೀಶರು ಬರುವ ಮೊದಲೇ ಶಿಕ್ಷೆ ಶುರುವಾಗಿತ್ತು. ಸುಮಾರು ಎರಡು ವಾರ ಕಳೆದ ಮೇಲೆ ಅಮಾನತು ತೆಗೆದರು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಡಿ.ಕೆ. ಜೈನ್ ಅವರನ್ನು ನೇಮಿಸಿತು. ಏಪ್ರಿಲ್‌ನಲ್ಲಿ ಅವರು ಇಬ್ಬರಿಗೂ ತಲಾ 20 ಲಕ್ಷ ದಂಡ ಹಾಕಿದರು. ಅದರಲ್ಲಿ 10 ಲಕ್ಷ ಕರ್ತವ್ಯದಲ್ಲಿ ಪ್ರಾಣ ಕೊಟ್ಟ ಹತ್ತು ಅರೆಸೇನಾ ಕಾನ್‌ಸ್ಟೇಬಲ್‌ಗಳ ಕುಟುಂಬಕ್ಕೆ, ಉಳಿದ 10 ಲಕ್ಷ ಅಂಧರ ಕ್ರಿಕೆಟ್ ಸಂಸ್ಥೆಗೆ. ಹೆಚ್ಚು ಮಾತಾಡಿದವರಿಗೂ ಕಡಿಮೆ ಮಾತಾಡಿದವರಿಗೂ ಒಂದೇ ದಂಡ. ಐದು ವರ್ಷ ಆದ ಮೇಲೂ ಒಂದು ಸಂದರ್ಶನದಲ್ಲಿ ರಾಹುಲ್, ಶಾಲೆಯಲ್ಲೂ ಅಮಾನತಾಗಿರದ ನನಗೆ ಅದು ಮಾಸದ ಗಾಯ ಆಯಿತು ಅನ್ನುವ ಅರ್ಥದ ಮಾತು ಹೇಳಿಕೊಂಡರು.

ಹಾಗಾದರೆ ಆಟಗಾರನನ್ನು ಆಟದ ಹೊರಗೆ ಪೂರ್ತಿ ಬಿಟ್ಟುಬಿಡಬೇಕಾ? ಅದೂ ಆಗಲ್ಲ. ಆಟ ಹಾಳಾಗುವುದು ಎಷ್ಟೋ ಸಲ ಮೈದಾನದ ಹೊರಗೇ. ಬುಕ್ಕಿ ಬಂದು ಪಿಚ್ ಮೇಲೆ ಮಾತಾಡಿಸಲ್ಲ. ಹೋಟೆಲ್ ರೂಮಿಗೆ ಬರುತ್ತಾನೆ, ಇಲ್ಲ ವಾಟ್ಸಾಪಲ್ಲಿ ಮೆಸೇಜ್ ಹಾಕುತ್ತಾನೆ. ಬಾಂಗ್ಲಾದೇಶದ ಶಕೀಬ್ ಅಲ್ ಹಸನ್ ಅವರಿಗೆ 2019ರ ಅಕ್ಟೋಬರ್‌ನಲ್ಲಿ ಐಸಿಸಿ ಎರಡು ವರ್ಷದ ನಿಷೇಧ ಹಾಕಿತು, ಅದರಲ್ಲಿ ಒಂದು ವರ್ಷ ಅಮಾನತಿನಲ್ಲಿ ಇಟ್ಟಿತು. ಅವರು ಮ್ಯಾಚ್ ಫಿಕ್ಸ್ ಮಾಡಿದರು ಅಂತ ಅಲ್ಲ. ಬುಕ್ಕಿ ಸಂಪರ್ಕ ಮಾಡಿದ್ದನ್ನು ಮಂಡಳಿಗೆ ತಿಳಿಸಲಿಲ್ಲ ಅಂತ. ಫೋನಲ್ಲಿ ಬಂದ ಮೆಸೇಜ್ ಅವರ ಖಾಸಗಿ ವಿಷಯ ಅಂತ ಬಿಟ್ಟಿದ್ದರೆ ಆಟ ಉಳಿಯುತ್ತಿತ್ತಾ?

ಇದು ದೂರದ ಕಥೆಯೇನಲ್ಲ. ಕರ್ನಾಟಕ ಪ್ರೀಮಿಯರ್ ಲೀಗಲ್ಲಿ ನಮ್ಮ ಬಳ್ಳಾರಿ ಹೆಸರಿನ ತಂಡ ಇತ್ತು, ಬಳ್ಳಾರಿ ಟಸ್ಕರ್ಸ್. 2019ರಲ್ಲಿ ಅದು ಮೈಸೂರಿನಲ್ಲಿ ಹುಬ್ಬಳ್ಳಿ ಟೈಗರ್ಸ್ ವಿರುದ್ಧ ಫೈನಲ್ ಆಡಿತು. ನವೆಂಬರ್‌ನಲ್ಲಿ ಟಸ್ಕರ್ಸ್ ತಂಡದ ಇಬ್ಬರು ಆಟಗಾರರನ್ನು ಫಿಕ್ಸಿಂಗ್ ಆರೋಪದ ಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ಬಂಧಿಸಿದರು. 2022ರ ಜನವರಿಯಲ್ಲಿ ಹೈಕೋರ್ಟ್ ಕೆಪಿಎಲ್ ಫಿಕ್ಸಿಂಗ್‌ನ ವಂಚನೆ ಪ್ರಕರಣವನ್ನು ರದ್ದು ಮಾಡಿತು. ಮ್ಯಾಚ್ ಫಿಕ್ಸಿಂಗ್ ಐಪಿಸಿಯ 420ನೇ ಕಲಂ ಪ್ರಕಾರ ವಂಚನೆ ಆಗಲ್ಲ, ಅದು ಆಟಗಾರನ ಅಪ್ರಾಮಾಣಿಕತೆ, ಅಶಿಸ್ತು ಆಗಬಹುದು, ಶಿಸ್ತು ಕ್ರಮ ತಗೊಳ್ಳುವ ಅಧಿಕಾರ ಇರುವುದು ಬಿಸಿಸಿಐಗೆ ಅಂತ ಹೇಳಿತು. ಕಾನೂನಿನ ಕೈ ಮುಟ್ಟದ ಜಾಗದಲ್ಲಿ ಲೀಗಿನ ನಿಯಮವೇ ಇರಬೇಕು ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ.

ಔಷಧಿ ವಿಷಯವೂ ಹಾಗೇ. ಪೃಥ್ವಿ ಶಾ ಅವರಿಗೆ 2019ರಲ್ಲಿ ಎಂಟು ತಿಂಗಳ ನಿಷೇಧ ಬಿತ್ತು. ಕಾರಣ, ಕೆಮ್ಮಿನ ಸಿರಪ್‌ನಲ್ಲಿ ಸಾಮಾನ್ಯವಾಗಿ ಇರುವ, ಆಟಗಾರರಿಗೆ ನಿಷೇಧವಾದ ಒಂದು ಅಂಶ. ಗೊತ್ತಿಲ್ಲದೆ ಕುಡಿದೆ ಅಂತ ಅವರು ಹೇಳಿದರು, ಮಂಡಳಿ ಅದನ್ನು ಒಪ್ಪಿಕೊಂಡಿತು, ಆದರೂ ನಿಷೇಧ ತಪ್ಪಲಿಲ್ಲ. ತೋರಣಗಲ್ಲಿನ ಹತ್ತಿರ ವಿಜಯನಗರದಲ್ಲಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ನಡೀತಿದೆ. ನೀರಜ್ ಚೋಪ್ರಾ ಅಂಥವರು ತರಬೇತಿ ಪಡೆದ ಜಾಗ ಅದು. ನಾಳೆ ನಮ್ಮೂರಿನ ಹುಡುಗಿಯೊಬ್ಬಳು ಅಂಥ ಕಡೆ ಸೇರಿದರೆ, ಹಬ್ಬಕ್ಕೆ ಮನೆಗೆ ಬಂದಾಗ ನೆಗಡಿ ಅಂತ ಮೆಡಿಕಲ್ ಶಾಪಲ್ಲಿ ಕೈಗೆ ಸಿಕ್ಕ ಗುಳಿಗೆ ತಗೊಳ್ಳುವ ಹಾಗಿಲ್ಲ. ರಜೆಯಲ್ಲೂ ಈ ನಿಯಮ ಬಿಡಲ್ಲ. ಅವಳ ಅಪ್ಪ ಅಮ್ಮನೂ ಅದನ್ನು ತಿಳಿದಿರಬೇಕು.

ಇವೆಲ್ಲ ಗೇಟಿನ ಮಷೀನ್ ಇದ್ದಂತೆ. ಹೊರಗೆ ಮಾಡಿದ್ದು ಒಳಗಿನ ಕೆಲಸವನ್ನು ನೇರವಾಗಿ ಕೆಡಿಸುತ್ತದೆ, ಅದಕ್ಕೇ ಕೇಳುತ್ತಾರೆ. ಹೆಣ್ಣುಮಕ್ಕಳ ಮೇಲೆ ಕೈ ಮಾಡುವುದು, ಕಿರುಕುಳ ಕೊಡುವುದು, ಟಿವಿಯಲ್ಲಿ ಕೂತು ಅವಮಾನ ಮಾಡುವುದನ್ನೂ ಖಾಸಗಿ ವಿಷಯ ಅಂತ ಬಿಡಬಾರದು. ಅಲ್ಲಿ ಇನ್ನೊಬ್ಬರಿಗೆ ಪೆಟ್ಟು ಬಿದ್ದಿರುತ್ತದೆ.

ಆದರೆ ಮಂಡಳಿ ಅಲ್ಲಿಗೇ ನಿಲ್ಲಲಿಲ್ಲ. ಆಸ್ಟ್ರೇಲಿಯಾದಲ್ಲಿ ಟೆಸ್ಟ್ ಸರಣಿ 1-3ರಿಂದ ಸೋತ ಮೇಲೆ, 2025ರ ಜನವರಿಯಲ್ಲಿ ಬಿಸಿಸಿಐ ಹತ್ತು ನಿಯಮ ತಂದಿತು. 45 ದಿನಕ್ಕಿಂತ ದೊಡ್ಡ ಪ್ರವಾಸದಲ್ಲಿ ಹೆಂಡತಿ ಮಕ್ಕಳು ಜೊತೆಗಿರಬಹುದಾದ್ದು ಎರಡು ವಾರ. ಸ್ವಂತ ಅಡುಗೆಯವರು, ಸಹಾಯಕರು ಬೇಕಾದರೆ ಮಂಡಳಿಯ ಒಪ್ಪಿಗೆ ಬೇಕು. ಸರಣಿ ನಡೆಯುವಾಗ ಜಾಹೀರಾತು ಶೂಟಿಂಗ್ ಇಲ್ಲ. ಮೀರಿದರೆ ಐಪಿಎಲ್ ಆಡುವುದಕ್ಕೂ ತಡೆ ಬೀಳಬಹುದು. ಕೆಲವು ನಿಯಮ ಸರಿಯೇ, ಎಲ್ಲರೂ ಒಂದೇ ಬಸ್ಸಲ್ಲಿ ಹೋಗಲಿ. ಆದರೆ ಹೆಂಡತಿ ಹದಿನೈದನೇ ದಿನ ಜೊತೆಗಿದ್ದರೆ ಬ್ಯಾಟಿಗೆ ಬಾಲ್ ಸಿಗಲ್ಲ ಅನ್ನುವುದಕ್ಕೆ ಏನು ಆಧಾರ? ಕಷ್ಟದ ದಿನ ಮುಗಿಸಿ ಬಂದು ಒಬ್ಬನೇ ರೂಮಲ್ಲಿ ಮುಖ ಸಪ್ಪೆ ಮಾಡಿ ಕೂರಲು ನನಗೆ ಇಷ್ಟವಿಲ್ಲ ಅಂತ ವಿರಾಟ್ ಕೊಹ್ಲಿ ಅದೇ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಹೇಳಿದ್ದು ಇದಕ್ಕೇ.

ಹೆಂಡತಿ ಎಷ್ಟು ದಿನ ಇರಬೇಕು ಅಂತ ಲೆಕ್ಕ ಹಾಕಿದ ಮಂಡಳಿ, ಆಟಗಾರ ಬಿಡುವಿನಲ್ಲಿ ನಮಗೆ ಏನು ಮಾರುತ್ತಾನೆ ಅಂತ ಕೇಳಲಿಲ್ಲ. ನನ್ನ ಅಸಲು ಸಿಟ್ಟು ಇಲ್ಲಿದೆ.

ನನ್ನ ಚಿಕ್ಕಪ್ಪನ ಮಗ ಟಿಪ್ಪರ್ ಡ್ರೈವರ್. ಮೂರು ವರ್ಷದ ಹಿಂದೆ ಐಪಿಎಲ್ ಟೈಮಲ್ಲಿ ಮೊಬೈಲಲ್ಲಿ ದುಡ್ಡು ಕಟ್ಟಿ ಆಡುವುದು ಶುರು ಮಾಡಿದ. ಮೊದಲು 49 ರೂಪಾಯಿ, ಆಮೇಲೆ ಐನೂರು, ಆಮೇಲೆ ಸಂಬಳ. ಕೊನೆಗೆ ಹೆಂಡತಿಯ ಬೋರಮಾಳ ಸರ ಗಿರವಿ ಅಂಗಡಿ ಸೇರಿತು. ಇದು ಮೋಸ ಅಂತ ನಿನಗೆ ಅನಿಸಲಿಲ್ಲವಾ ಅಂತ ಕೇಳಿದೆ. "ಅಣ್ಣಾ, ಅಷ್ಟು ದೊಡ್ಡ ಪ್ಲೇಯರ್‌ಗಳೇ ಟಿವಿಯಾಗ ಬಂದು ಆಡ್ರಿ ಅಂತಾರ. ಮೋಸ ಇದ್ರ ಅವರು ಹೇಳ್ತಿದ್ರೇನು?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವನು ಹೇಳಿದ್ದು ಸುಳ್ಳಲ್ಲ. ದುಡ್ಡಿಟ್ಟು ಆಡುವ ಆ್ಯಪ್‌ಗಳ ಜಾಹೀರಾತಿನಲ್ಲಿ ದೇಶದ ದೊಡ್ಡ ದೊಡ್ಡ ಆಟಗಾರರು ಕಾಣಿಸಿಕೊಂಡರು. 2020ರಲ್ಲಿ ಐಪಿಎಲ್ ಹೆಸರಿನ ಜೊತೆಗೇ ಡ್ರೀಮ್11 ಸೇರಿತ್ತು. 2023ರಿಂದ ಭಾರತ ತಂಡದ ಎದೆಯ ಮೇಲೆ ಅದೇ ಹೆಸರು ಇತ್ತು. ಕರ್ನಾಟಕ ಸರ್ಕಾರ 2021ರಲ್ಲಿ ಇಂಥ ಆಟ ನಿಷೇಧಿಸುವ ಕಾನೂನು ತಂದಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿತು. ಅದರ ಜಾಹೀರಾತು ಮಾಡಿದವರಿಗೂ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಅಂತ ಬರೆಯಿತು. ಆಮೇಲೇ ಆ ಹೆಸರು ಜೆರ್ಸಿಯಿಂದ ಹೋಯಿತು. ಮಂಡಳಿ ತಾನಾಗಿ ತೆಗೆಯಲಿಲ್ಲ, ಕಾನೂನು ತೆಗೆಸಿತು.

ಹೆಂಡದ ವಿಷಯ ಕೇಳಲೇಬೇಡಿ. ನಾವೆಲ್ಲ ಎದೆ ತಟ್ಟಿಕೊಳ್ಳುವ ಆರ್‌ಸಿಬಿಯ 'ರಾಯಲ್ ಚಾಲೆಂಜ್' ಅನ್ನೋದು ಒಂದು ವಿಸ್ಕಿಯ ಹೆಸರು. ತಂಬಾಕು, ಹೆಂಡದ ಜಾಹೀರಾತನ್ನು, ಬೇರೆ ಹೆಸರಲ್ಲಿ ಬರುವುದನ್ನೂ ಸೇರಿಸಿ ನಿಲ್ಲಿಸಿ, ಆಟಗಾರರೂ ಅದರಲ್ಲಿ ಬರದಂತೆ ನೋಡಿಕೊಳ್ಳಿ ಅಂತ ಕೇಂದ್ರದ ಆರೋಗ್ಯ ಇಲಾಖೆ 2025ರ ಮಾರ್ಚ್‌ನಲ್ಲಿ ಐಪಿಎಲ್ ಅಧ್ಯಕ್ಷರಿಗೆ ಪತ್ರ ಬರೆಯಬೇಕಾಯಿತು.

ನಮ್ಮ ಗರಡಿ ಮನೆಗಳಲ್ಲೂ ನಿಯಮ ಇತ್ತು. ಉಸ್ತಾದ್ ಹೇಳಿದರೆ ಪೈಲ್ವಾನ್ ಬೀಡಿ ಮುಟ್ಟುವಂತಿಲ್ಲ, ಕುಡಿಯುವಂತಿಲ್ಲ, ರಾತ್ರಿ ಬೇಗ ಮಲಗಬೇಕು. ಅಷ್ಟೊಂದು ಕಟ್ಟುಪಾಡನ್ನು ಹುಡುಗರು ಯಾಕೆ ಒಪ್ಪುತ್ತಿದ್ದರು? ಉಸ್ತಾದ್ ಕೂಡ ಅದೇ ಕೆಂಪು ಮಣ್ಣಿನಲ್ಲಿ, ಅದೇ ನಿಯಮದಲ್ಲಿ ಬದುಕುತ್ತಿದ್ದ. ಗರಡಿ ಬಾಗಿಲಲ್ಲಿ ಸಾರಾಯಿ ಅಂಗಡಿ ಇಟ್ಟುಕೊಂಡು ಪೈಲ್ವಾನ್‌ಗೆ ಬುದ್ಧಿ ಹೇಳುತ್ತಿರಲಿಲ್ಲ.

ಶಿಸ್ತು ಹೇಳುವವರಿಗೇ ಶಿಸ್ತು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಕುಸ್ತಿ ಒಕ್ಕೂಟದಲ್ಲಿ ನೋಡಿದೆವು. 2021ರ ಆಗಸ್ಟ್‌ನಲ್ಲಿ ವಿನೇಶ್ ಫೋಗಟ್ ಅವರನ್ನು ಒಕ್ಕೂಟ ಅಮಾನತು ಮಾಡಿತು. ಟೋಕಿಯೊದಲ್ಲಿ ಭಾರತದ ಉಳಿದ ಕುಸ್ತಿಪಟುಗಳ ಜೊತೆ ಉಳಿಯಲಿಲ್ಲ, ಅಭ್ಯಾಸ ಮಾಡಲಿಲ್ಲ, ಬೇರೆ ಕಂಪನಿಯ ಉಡುಪು ಹಾಕಿದರು ಅನ್ನುವುದು ಆರೋಪ. 2023ರ ಜನವರಿಯಲ್ಲಿ ಅದೇ ವಿನೇಶ್, ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತರು. ಒಕ್ಕೂಟದ ಆಗಿನ ಅಧ್ಯಕ್ಷ ಬ್ರಿಜ್ ಭೂಷಣ್ ಶರಣ್ ಸಿಂಗ್ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದರು. ಅವರು ಅದನ್ನು ನಿರಾಕರಿಸಿದ್ದಾರೆ. ಎಫ್‌ಐಆರ್ ಆಗಬೇಕಾದರೆ ಕುಸ್ತಿಪಟುಗಳು ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಆಟಗಾರ್ತಿ ಎಲ್ಲಿ ಮಲಗಿದಳು ಅಂತ ಕೇಳಲು ನಿಯಮ ಇತ್ತು, ಪದಾಧಿಕಾರಿಯನ್ನು ಕೇಳಲು ಬೀದಿಗೆ ಬರಬೇಕಾಯಿತು.

ಹಾಗಾಗಿ ನನ್ನ ಮಾತು ಇಷ್ಟು. ಲೀಗ್ ನಿಯಮ ಮಾಡಲಿ, ಆದರೆ ಗೇಟಿನ ಮಷೀನ್ ಥರ ಮಾಡಲಿ. ಆಟಕ್ಕೆ ಅಥವಾ ಇನ್ನೊಬ್ಬರಿಗೆ ಕೇಡಾಗುವುದನ್ನು ಮಾತ್ರ ಅಳೆಯಲಿ. ನಿಯಮವನ್ನು ಮೊದಲೇ ಆಟಗಾರನಿಗೆ ಗೊತ್ತಿರುವ ಭಾಷೆಯಲ್ಲಿ ಬರೆದುಕೊಡಲಿ. ಶಿಕ್ಷೆಗೆ ಮುಂಚೆ ಅವನ ಮಾತು ಕೇಳಲಿ, ತಪ್ಪಿನ ತೂಕ ನೋಡಿ ದಂಡ ಹಾಕಲಿ. ಮ್ಯಾನೇಜರ್, ಮಾಲೀಕ, ಅಧ್ಯಕ್ಷ ಎಲ್ಲರೂ ಅದೇ ಮಷೀನ್‌ಗೆ ಊದಲಿ. ಎಲ್ಲಕ್ಕಿಂತ ಮುಖ್ಯ, ಜಾಹೀರಾತನ್ನು ಆ ಪಟ್ಟಿಯ ಮೇಲ್ಗಡೆ ಬರೆಯಲಿ. ಆಟಗಾರ ಬಿಡುವಿನಲ್ಲಿ ಯಾರ ಜೊತೆ ಊಟ ಮಾಡಿದ ಅನ್ನುವುದರಿಂದ ನಮ್ಮೂರಿನ ಒಂದು ಮನೆಯೂ ಹಾಳಾಗಿಲ್ಲ.

ಮಕ್ಕಳನ್ನು ಅಕಾಡೆಮಿ, ಹಾಸ್ಟೆಲ್ಲು, ಕಬಡ್ಡಿ ಕ್ಯಾಂಪ್ ಅಂತ ಕಳಿಸುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಸಹಿ ಹಾಕಿಸಿಕೊಳ್ಳುವ ಕಾಗದ ಇಂಗ್ಲಿಷಲ್ಲಿ ಇದ್ದರೆ ಓದಿಸಿಕೊಳ್ಳಿ. ರಜೆಯಲ್ಲಿ ಏನು ಮಾಡಬಾರದು, ಯಾವ ಔಷಧಿ ತಗೊಳ್ಳಬಾರದು, ಫೋನ್ ಯಾರ ಹತ್ತಿರ ಇರುತ್ತದೆ ಅಂತ ಕೇಳಿ. ಆಮೇಲೆ, ಕೋಚ್ ಅಥವಾ ವಾರ್ಡನ್ ತಪ್ಪು ಮಾಡಿದರೆ ನಮ್ಮ ಮಗು ಯಾರಿಗೆ ದೂರು ಕೊಡಬೇಕು ಅಂತಲೂ ಕೇಳಿ. ಈ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಸಹಿ ಹಾಕಿ.