ಮುರಿದ ಹೊತ್ತಿನ ಕೂಲಿ

ನಾನು ರಗ್ಬಿ ಲೀಗಿನ ಹತ್ತಿರ ಬಂದದ್ದು ಮೈದಾನದ ದಾರಿಯಿಂದಲ್ಲ, ಕೂಲಿಯ ದಾರಿಯಿಂದ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಪಿಎಚ್.ಡಿ ಮಾಡುತ್ತಿದ್ದೇನೆ. ಹತ್ತೊಂಬತ್ತನೇ ಶತಮಾನದ ಯಾರ್ಕ್‌ಶೈರ್ ಗಿರಣಿಗಳಲ್ಲಿ ಕೂಲಿಯನ್ನು ಹೇಗೆ ಲೆಕ್ಕ ಹಾಕುತ್ತಿದ್ದರು, ದುಡಿದ ಗಂಟೆಗೋ ಮಾಡಿದ ಮಾಲಿಗೋ ಎನ್ನುವುದು ನನ್ನ ವಿಷಯ. ಓದುತ್ತಾ ಹೋದಂತೆ ಒಂದು ಮಾತು ಮೇಲಿಂದ ಮೇಲೆ ಎದುರಾಗತೊಡಗಿತು: ಬ್ರೋಕನ್ ಟೈಮ್. ಮುರಿದ ಹೊತ್ತು. ಗಿರಣಿಯಲ್ಲೋ ಕಲ್ಲಿದ್ದಲ ಗಣಿಯಲ್ಲೋ ದುಡಿಯುವವನು ಶನಿವಾರ ಆಡಲು ಹೋದರೆ ಆ ಹೊತ್ತಿನ ಕೂಲಿ ಕೈತಪ್ಪುತ್ತಿತ್ತು. ಅದನ್ನು ತುಂಬಿಕೊಡಲು ಅವಕಾಶ ಕೊಡಿ ಎಂದು ಉತ್ತರದ ಕ್ಲಬ್ಬುಗಳು ಕೇಳಿದವು. ದುಡ್ಡಿಗಾಗಿ ಆಡುವುದು ದೊಡ್ಡ ಮನುಷ್ಯರ ಲಕ್ಷಣವಲ್ಲ ಎಂದು ನಂಬಿದ್ದ ರಗ್ಬಿಯ ಆಡಳಿತಗಾರರು 1893ರಲ್ಲಿ ಆ ಬೇಡಿಕೆಯನ್ನು ತಳ್ಳಿಹಾಕಿದರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಕ್ಲಬ್ಬುಗಳು ಅವರಿಂದ ಬೇರೆಯಾಗಿ ನಾರ್ದರ್ನ್ ಯೂನಿಯನ್ ಕಟ್ಟಿಕೊಂಡವು. ಕಳೆದುಹೋದ ಕೂಲಿಗೆ ದಿನಕ್ಕೆ ಆರು ಶಿಲಿಂಗ್ ಎಂದು ಗೊತ್ತುಮಾಡಿದವು. ಮುಂದೆ ಅದೇ ರಗ್ಬಿ ಲೀಗ್ ಆಯಿತು. ಹಳೆಯ ಕವಲು, ಅಂದರೆ ರಗ್ಬಿ ಯೂನಿಯನ್, ಆಟಗಾರರಿಗೆ ಸಂಬಳ ಕೊಡಬಹುದು ಎಂದು ಒಪ್ಪಿಕೊಂಡದ್ದು 1995ರ ಆಗಸ್ಟಿನಲ್ಲಿ. ನೂರು ವರ್ಷ ಬೇಕಾಯಿತು.

ಈ ಚರಿತ್ರೆ ನನ್ನನ್ನು ಇಷ್ಟು ಹಿಡಿದುಕೊಳ್ಳಲು ಕಾರಣವಿದೆ. ನಮ್ಮಪ್ಪ ರಾಣೆಬೆನ್ನೂರಿನ ಮಾರುಕಟ್ಟೆಯಲ್ಲಿ ಹಮಾಲಿ. ಮೂವತ್ತು ವರ್ಷ ಮೆಕ್ಕೆಜೋಳದ ಚೀಲ ಹೊತ್ತಿದ್ದಾನೆ. ಚೀಲಕ್ಕೆ ಇಷ್ಟು ಎಂದು ಕೂಲಿ. ಹೊರದ ದಿನ ಇಲ್ಲ. ಮನೆಯಲ್ಲಿ ಜ್ವರ, ಮದುವೆ, ಸಾವು ಏನೇ ಬಂದರೂ ಮೊದಲು ಲೆಕ್ಕಕ್ಕೆ ಬರುತ್ತಿದ್ದುದು ಅಪ್ಪನ ಎಷ್ಟು ಹೊತ್ತು ಮುರಿಯುತ್ತದೆ ಎಂಬುದೇ. ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ, ಆ ಹೆಸರಿನ ಸಲುವಾಗಿ ಒಂದು ಆಟವೇ ಎರಡಾಗಿ ಒಡೆದಿದೆ ಎಂದು ಓದಿದ ದಿನ ಗ್ರಂಥಾಲಯದಿಂದ ಬೇಗ ಎದ್ದು ಬಂದೆ.

ಪಕ್ಕದ ಮನೆಯ ಹಿರಿಯರೊಬ್ಬರು, ನಿವೃತ್ತ ಬಸ್ ಚಾಲಕರು, ನನ್ನನ್ನು ಹೆಡಿಂಗ್ಲಿಗೆ ಪಂದ್ಯ ನೋಡಲು ಕರೆದುಕೊಂಡು ಹೋದರು. ದಕ್ಷಿಣದ ಸ್ಟ್ಯಾಂಡಿನಲ್ಲಿ ನಿಂತೇ ನೋಡಿದೆವು. ಮೊದಲ ಹತ್ತು ನಿಮಿಷ ನನಗೆ ಏನೂ ಅರ್ಥವಾಗಲಿಲ್ಲ. ಅವರು ಒಂದೇ ಮಾತು ಹೇಳಿದರು: "ಚೆಂಡನ್ನು ನೋಡಬೇಡ. ಬಿದ್ದವನು ಎಷ್ಟು ಬೇಗ ಏಳುತ್ತಾನೆ, ಅದನ್ನು ನೋಡು." ಆಮೇಲೆ ಆಟ ಕಾಣತೊಡಗಿತು.

ಒಂದು ತಂಡಕ್ಕೆ ಹದಿಮೂರು ಜನ, ಆಟ ಎಂಬತ್ತು ನಿಮಿಷ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಹಿಂದಕ್ಕೆ ಕೊಡುತ್ತಾ ಮುಂದಕ್ಕೆ ಹೊತ್ತುಕೊಂಡು ಹೋಗಬೇಕು. ಎದುರಾಳಿಗಳು ಹಿಡಿದು ಕೆಡವುತ್ತಾರೆ. ಬಿದ್ದವನು ಎದ್ದು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ಉರುಳಿಸಿದರೆ ಆಟ ಮತ್ತೆ ಶುರು. ಹೀಗೆ ಆರು ಸಲ ಕೆಡವಿಸಿಕೊಳ್ಳಬಹುದು. ಅಷ್ಟರಲ್ಲಿ ಗೆರೆ ಮುಟ್ಟದಿದ್ದರೆ ಚೆಂಡು ಎದುರಾಳಿಯ ಪಾಲು. ನಮ್ಮ ಕಬಡ್ಡಿಯಲ್ಲಿ ಸಿಕ್ಕಿಬಿದ್ದವನು ಔಟು. ಇಲ್ಲಿ ಸಿಕ್ಕಿಬೀಳುವುದೇ ಕೆಲಸ. ಆ ಕೆಲಸ ಮಾಡುವವರು ಫಾರ್ವರ್ಡ್‌ಗಳು, ಎಂಟರಿಂದ ಹದಿಮೂರರವರೆಗಿನ ಅಂಗಿ ತೊಟ್ಟ ಆರು ಜನ. ಅವರಲ್ಲಿ ಎಂಟು ಮತ್ತು ಹತ್ತನೇ ಅಂಗಿಯವರಿಗೆ ಪ್ರಾಪ್ ಎಂದು ಹೆಸರು. ಮಾಡು ಕುಸಿಯದಂತೆ ಆನಿಸಿ ನಿಲ್ಲಿಸುವ ಗಂಬ ಎಂದು ಅರ್ಥ. ತನ್ನಷ್ಟೇ ತೂಕದ ಮೂವರು ಎದುರಿಗೆ ನಿಂತಿದ್ದಾರೆಂದು ಗೊತ್ತಿದ್ದೂ ಪ್ರಾಪ್ ಅವರ ಮೇಲೆಯೇ ಓಡುತ್ತಾನೆ. ಎಂಟೋ ಹತ್ತೋ ಮೀಟರ್ ದಕ್ಕುತ್ತದೆ. ಅವನು ಬೇಗ ಎದ್ದರೆ ಎದುರಾಳಿಗಳಿಗೆ ಹಿಂದೆ ಸರಿದು ಸಾಲುಗಟ್ಟಲು ಪುರುಸೊತ್ತು ಸಿಗುವುದಿಲ್ಲ. ಆ ಒಂದೆರಡು ಕ್ಷಣದ ಸಂದಿಯಲ್ಲಿ ಹಗುರ ಮೈಯ ಯಾರೋ ನುಗ್ಗಿ ಗೆರೆ ಮುಟ್ಟುತ್ತಾರೆ. ಫೋಟೋ ಅವರದ್ದು.

ಹಿರಿಯರ ಬಾಯಲ್ಲಿ ಸದಾ ಇದ್ದ ಹೆಸರು ಜೇಮಿ ಪೀಕಾಕ್. ನಾನು ಇಲ್ಲಿಗೆ ಬರುವ ಎಷ್ಟೋ ಮೊದಲೇ ಅವರು ಆಟ ಬಿಟ್ಟಿದ್ದರು. ಹಳೆಯ ಪಂದ್ಯಗಳನ್ನು ರಾತ್ರಿ ಕೂತು ನೋಡಿದೆ. ಹೆಸರಿನಲ್ಲಿ ನವಿಲು, ಆಟದಲ್ಲಿ ಎತ್ತು. 1977ರಲ್ಲಿ ಲೀಡ್ಸ್‌ನಲ್ಲೇ ಹುಟ್ಟಿದವರು. ಎಳವೆಯಲ್ಲೇ ಮಿಂಚಿದ ಪ್ರತಿಭೆ ಎಂದು ಅವರ ಬಗ್ಗೆ ಯಾರೂ ಹೇಳುವುದಿಲ್ಲ. ಇಪ್ಪತ್ತೊಂದರ ಆಸುಪಾಸಿನಲ್ಲಿ ಪಕ್ಕದ ಊರಿನ ಬ್ರಾಡ್‌ಫರ್ಡ್ ಬುಲ್ಸ್ ತಂಡದಲ್ಲಿ ಕಾಲೂರಿದರು. 2003ರಲ್ಲಿ ಸೂಪರ್ ಲೀಗಿನ ವರ್ಷದ ಆಟಗಾರನಿಗೆ ಕೊಡುವ 'ಮ್ಯಾನ್ ಆಫ್ ಸ್ಟೀಲ್' ಗೌರವ ಬಂತು. 2005ರ ಗ್ರ್ಯಾಂಡ್ ಫೈನಲ್‌ನಲ್ಲಿ ಲೀಡ್ಸ್ ರೈನೋಸ್ ತಂಡವನ್ನು ಸೋಲಿಸಿ, ಮರುವರ್ಷ ಅದೇ ತಂಡ ಸೇರಿದರು. ಬ್ರಾಡ್‌ಫರ್ಡ್ ಜೊತೆ ಮೂರು, ಲೀಡ್ಸ್ ಜೊತೆ ಆರು, ಒಟ್ಟು ಒಂಬತ್ತು ಸಲ ಸೂಪರ್ ಲೀಗ್ ಗೆದ್ದರು. 2011 ಮತ್ತು 2012ರಲ್ಲಂತೂ ಲೀಡ್ಸ್ ಪಟ್ಟಿಯಲ್ಲಿ ಐದನೇ ಸ್ಥಾನದಲ್ಲಿದ್ದು ಕೊನೆಗೆ ಕಿರೀಟ ಹೊತ್ತಿತು.

ಈ ಪಟ್ಟಿಗಿಂತ ನನ್ನನ್ನು ಹಿಡಿದು ಕೂರಿಸಿದ್ದು 2015ರ ಅಕ್ಟೋಬರ್ 10ರ ಪಂದ್ಯ. ಓಲ್ಡ್ ಟ್ರಾಫರ್ಡ್‌ನಲ್ಲಿ ವಿಗನ್ ವಿರುದ್ಧ 22-20. ಆ ವರ್ಷ ಲೀಡ್ಸ್ ಮೂರೂ ದೊಡ್ಡ ಪ್ರಶಸ್ತಿ ಗೆದ್ದಿತು. ಪೀಕಾಕ್ ಅವರಿಗೆ ಮೂವತ್ತೇಳು, ತಂಡಕ್ಕೆ ಅದೇ ಅವರ ಕೊನೆಯ ಆಟ. ಹಿರಿಯರ ಮಾತು ನೆನಪಿಟ್ಟುಕೊಂಡು ಚೆಂಡು ಬಿಟ್ಟು ಅವರನ್ನೇ ನೋಡಿದೆ. ಓಡುವುದು, ಬೀಳುವುದು, ಏಳುವುದು. ಚೆಂಡು ಎದುರಾಳಿಯ ಕೈಗೆ ಹೋದಾಗ ಹಿಡಿಯುವುದು, ಕೆಡವುವುದು, ಎದ್ದು ಹತ್ತು ಮೀಟರ್ ಹಿಂದಕ್ಕೆ ಓಡಿ ಮತ್ತೆ ಸಾಲಿನಲ್ಲಿ ನಿಲ್ಲುವುದು. ನಮ್ಮಪ್ಪ ಲಾರಿಗೆ ಆನಿಸಿದ ಹಲಗೆಯ ಮೇಲೆ ಚೀಲ ಹೊತ್ತು ಹತ್ತಿ, ಬರಿಗೈಯಲ್ಲಿ ಇಳಿದು, ಮತ್ತೆ ರಾಶಿಯ ಕಡೆ ನಡೆಯುವಾಗ ಮುಖದಲ್ಲಿ ಇರುತ್ತಿದ್ದುದು ಇದೇ ಭಾವ. ನೋವೂ ಅಲ್ಲ, ಛಲವೂ ಅಲ್ಲ. ಮುಂದಿನದರ ಲೆಕ್ಕ.

ಮರುವರ್ಷ ಪೀಕಾಕ್ ಹಲ್ ಕೆ.ಆರ್ ಕ್ಲಬ್ಬಿನಲ್ಲಿ ಮೈದಾನದ ಹೊರಗಿನ ಹುದ್ದೆಯಲ್ಲಿದ್ದರು. ಗಾಯಗಳಿಂದ ತಂಡದಲ್ಲಿ ಆಳು ಕಡಿಮೆಯಾದಾಗ ಮೂವತ್ತೆಂಟರಲ್ಲಿ ಮತ್ತೆ ಬೂಟು ಕಟ್ಟಿದರು. ಕೇಳುವವರಿಗೆ ಇದು ವೀರಗಾಥೆ. ನನಗೆ ಮಾತ್ರ ಗ್ಯಾಂಗಿನಲ್ಲಿ ಒಬ್ಬ ಕಡಿಮೆ ಇದ್ದಾನೆಂದು ಸುಗ್ಗಿಯಲ್ಲಿ ಕರೆ ಬಂದಾಗ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಹೊರಟ ಅಪ್ಪ ನೆನಪಾದ.

ಹೋಲಿಕೆಯನ್ನು ಇನ್ನೂ ಎಳೆದರೆ ಹರಿಯುತ್ತದೆ. ಪೀಕಾಕ್ ಇಂಗ್ಲೆಂಡಿನ ನಾಯಕರಾಗಿದ್ದವರು. ಅವರಿಗಾಗಿ ಸಾವಿರಾರು ಜನ ಹಾಡಿದ್ದಾರೆ. ಅವರು ಹೊತ್ತ ಪ್ರತಿ ಮೀಟರನ್ನೂ ಕೆಡವಿದ ಪ್ರತಿಯೊಬ್ಬನನ್ನೂ ಎಣಿಸಲು ಜನರಿದ್ದರು. ಅಪ್ಪ ಹೊತ್ತ ಚೀಲಗಳ ಎಣಿಕೆಯೂ ನಡೆದಿದೆ, ಆದರೆ ದಲಾಲಿ ಅಂಗಡಿಯ ಪುಸ್ತಕದಲ್ಲಿ, ರೈತನ ಹೆಸರಿನ ಕೆಳಗೆ, ಮಾಲಿನ ಲೆಕ್ಕದಲ್ಲಿ. ಹೊತ್ತವನಿಗೆ ಅಲ್ಲಿ ಸಾಲಿಲ್ಲ.

ಎಣಿಕೆ ಇದ್ದರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ಆಸ್ಟ್ರೇಲಿಯಾದ ಸ್ಟೀವ್ ಫೋಕ್ಸ್ ಕೂಡ ಫಾರ್ವರ್ಡ್ ಆಗಿದ್ದವರು. ಕ್ಯಾಂಟರ್ಬರಿ-ಬ್ಯಾಂಕ್ಸ್‌ಟೌನ್ ತಂಡದ ಪರ 1980ರ ದಶಕದಲ್ಲಿ ನಾಲ್ಕು ಪ್ರಶಸ್ತಿ ಗೆದ್ದರು, 2004ರಲ್ಲಿ ಅದೇ ತಂಡದ ಕೋಚ್ ಆಗಿ ಇನ್ನೊಂದು. 2018ರಲ್ಲಿ ಐವತ್ತೊಂಬತ್ತನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಮೆದುಳನ್ನು ಪರೀಕ್ಷಿಸಿದ ಸಂಶೋಧಕರಿಗೆ ಸಿ.ಟಿ.ಇ ಕಂಡಿತು. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟುಗಳೊಂದಿಗೆ ತಳಕು ಹಾಕಿಕೊಂಡಿರುವ, ಮೆದುಳನ್ನು ನಿಧಾನವಾಗಿ ತಿನ್ನುವ ಕಾಯಿಲೆ ಅದು. ಸತ್ತ ಮೇಲೆ ಮಾತ್ರ ಖಚಿತವಾಗಿ ಗುರುತಿಸಲು ಬರುತ್ತದೆ. 2019ರಲ್ಲಿ ಆ ವರದಿ ಬಂದಾಗ, ಈ ಕಾಯಿಲೆ ಪತ್ತೆಯಾದ ಮೊದಲ ಲೀಗ್ ಆಟಗಾರರ ಸಾಲಿಗೆ ಅವರು ಸೇರಿದರು. ಬ್ರಿಟನ್ನಿನಲ್ಲೂ ಮಾಜಿ ಆಟಗಾರರು ತಮ್ಮ ನೆನಪು ಕೈಕೊಡುತ್ತಿದೆ ಎಂದು ಆಡಳಿತ ಮಂಡಳಿಯ ವಿರುದ್ಧ ಕಾನೂನಿನ ದಾರಿ ಹಿಡಿದಿದ್ದಾರೆ. 1895ರಲ್ಲಿ ಕೇಳಿದ್ದು ಆಡುವ ದಿನ ಕಳೆದುಹೋದ ಹೊತ್ತಿಗೆ ಯಾರು ಕೊಡುತ್ತಾರೆ ಎಂದು. ಈಗ ಕೇಳುತ್ತಿರುವುದು ಆಟ ಮುಗಿದ ಮೇಲೆ ಕಳೆದುಹೋಗುವ ಹೊತ್ತಿಗೆ ಯಾರು ಕೊಡುತ್ತಾರೆ ಎಂದು. ದಿನಕ್ಕೆ ಇಷ್ಟು ಶಿಲಿಂಗ್ ಎಂದು ಹೇಳಿ ಎದ್ದುಹೋಗಬಹುದಾದ ಲೆಕ್ಕ ಇದಲ್ಲ.

ಕಳೆದ ವರ್ಷ ಅಪ್ಪ ಚೀಲ ಹೊರುವುದನ್ನು ಬಿಟ್ಟ. ಐವತ್ತಾರು ವಯಸ್ಸು. ಮೊಣಕಾಲು ಸವೆದಿದೆ, ಬೆನ್ನಿನ ಮೂಳೆ ಒತ್ತಿಕೊಂಡಿದೆ ಎಂದು ಡಾಕ್ಟರು ಹೇಳಿದರು. ನನ್ನ ವಿದ್ಯಾರ್ಥಿವೇತನಕ್ಕೂ ಇದೇ ಕೊನೆಯ ವರ್ಷ. ಮೂವತ್ತರ ಹೊಸ್ತಿಲಲ್ಲಿ ನಾನು ಮೊದಲ ಕೆಲಸ ಹುಡುಕಬೇಕು. ಆ ವಯಸ್ಸಿಗೆ ಒಬ್ಬ ಫಾರ್ವರ್ಡ್ ಇನ್ನೆಷ್ಟು ಸೀಸನ್ ಉಳಿದಿದೆ ಎಂದು ಎಣಿಸಲು ಶುರು ಮಾಡಿರುತ್ತಾನೆ. ನಾನು ಕೂತು ಓದಿದ ಇಷ್ಟೂ ವರ್ಷ ನಿಂತದ್ದು ಇನ್ನೊಬ್ಬರ ಮೊಣಕಾಲ ಮೇಲೆ ಎಂಬುದು ನನಗೆ ಗೊತ್ತಿದೆ. ಪ್ರಬಂಧದ ಮೊದಲ ಪುಟದಲ್ಲಿ ಕೃತಜ್ಞತೆ ಬರೆದರೆ ತೀರುವ ಬಾಕಿ ಅಲ್ಲ.

ಮೊನ್ನೆ 2015ರ ಆ ಪಂದ್ಯದ ತುಣುಕೊಂದನ್ನು ಅಪ್ಪನಿಗೆ ವಾಟ್ಸಾಪ್ ಮಾಡಿದ್ದೆ. ಭಾನುವಾರ ಫೋನಿನಲ್ಲಿ ಕೇಳಿದ:

"ತಮ್ಮಾ, ಇವ್ರಿಗೆ ಬಿದ್ದ ಲೆಕ್ಕಕ್ಕ ಕೊಡ್ತಾರೋ, ತಿಂಗಳ ಪಗಾರೋ?"

"ಪಗಾರ ಅಪ್ಪ. ವರ್ಷಕ್ಕ ಇಷ್ಟು ಅಂತ ಕರಾರು ಇರ್ತದ."

"ಹಂಗಾರ ಚಲೋ ಆತು. ಆ ಹತ್ತನೇ ನಂಬರಿನವ ಈಗ ಏನ್ ಮಾಡ್ತಾನ?"

"ಆಟ ಬಿಟ್ಟಾನ. ಕಂಪನಿಗೋಳಿಗೆ ಹೋಗಿ ಭಾಷಣ ಮಾಡ್ತಾನಂತ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಮೊಣಕಾಲು ಹೆಂಗ ಅದಾವಂತ?"

ಒಂಬತ್ತು ಪ್ರಶಸ್ತಿ, ಎಷ್ಟೋ ಪಂದ್ಯ, ಎಷ್ಟೋ ಮೀಟರ್, ಎಲ್ಲ ನನ್ನ ಬಾಯಲ್ಲಿತ್ತು. ಇದೊಂದು ಇರಲಿಲ್ಲ. ಗಿರಣಿಗಳ ಕಡತಗಳಲ್ಲೂ ನಾನು ಈವರೆಗೆ ಗಂಟೆ, ಗಜ, ಶಿಲಿಂಗುಗಳನ್ನೇ ಬರೆದುಕೊಂಡು ಬಂದಿದ್ದೆ. ಸೋಮವಾರ ಹೋಗಿ ನೋಟ್‌ಬುಕ್ಕಿನಲ್ಲಿ ಇನ್ನೊಂದು ಅಂಕಣ ಎಳೆದೆ. ತಲೆಬರಹಕ್ಕೆ ಅಪ್ಪನ ಪ್ರಶ್ನೆಯನ್ನೇ ಬರೆದೆ.