ಲಿಸ್ಟ್ ಹಾಕುವ ಮೊದಲು

2024ರ ದೀಪಾವಳಿಗೆ ನಾನು ಬೆಂಗಳೂರಿನಿಂದ ನಮ್ಮೂರು ನಾಗನೂರಿಗೆ ಬಂದಿದ್ದೆ. ಅಕ್ಟೋಬರ್ 31ರ ಸಂಜೆ. ಅವ್ವ ಹಣತೆಗೆ ಎಣ್ಣೆ ಹಾಕುತ್ತಿದ್ದಳು, ನಾನು ಮೊಬೈಲ್ ಹಿಡಿದು ಕೂತಿದ್ದೆ. ಆರ್‌ಸಿಬಿ ಯಾರನ್ನು ಉಳಿಸಿಕೊಂಡಿದೆ ಅನ್ನೋ ಪಟ್ಟಿ ಅವತ್ತೇ ಬರಬೇಕಿತ್ತು. ಬಂತು. ಮೂರೇ ಹೆಸರು. ವಿರಾಟ್ ಕೊಹ್ಲಿಗೆ 21 ಕೋಟಿ, ರಜತ್ ಪಾಟಿದಾರ್‌ಗೆ 11 ಕೋಟಿ, ಯಶ್ ದಯಾಳ್‌ಗೆ 5 ಕೋಟಿ. ಮೊಹಮ್ಮದ್ ಸಿರಾಜ್ ಹೆಸರು ಇರಲಿಲ್ಲ.

ಹೈದರಾಬಾದಿನ ಆಟೋ ಚಾಲಕರ ಮಗ ಸಿರಾಜ್ 2018ರಿಂದ ಏಳು ಸೀಸನ್ ನಮ್ಮ ತಂಡಕ್ಕೆ ಬೌಲಿಂಗ್ ಮಾಡಿದವನು. 2019ರಲ್ಲಿ ಒಂದು ಪಂದ್ಯದಲ್ಲಿ ಎರಡು ಬೀಮರ್ ಹಾಕಿ ಅಂಪೈರ್ ಕೈಯಲ್ಲಿ ಬೌಲಿಂಗ್ ಕಳೆದುಕೊಂಡಾಗ ನಾವೇ ಅವನನ್ನು ಬೈದಿದ್ದೆವು. ಮರುವರ್ಷ ಅಬುಧಾಬಿಯಲ್ಲಿ ಕೋಲ್ಕತ್ತಾ ವಿರುದ್ಧ 8 ರನ್ನಿಗೆ 3 ವಿಕೆಟ್ ತೆಗೆದು, ಒಂದೇ ಪಂದ್ಯದಲ್ಲಿ ಎರಡು ಮೇಡನ್ ಓವರ್ ಹಾಕಿದ ಮೊದಲ ಐಪಿಎಲ್ ಬೌಲರ್ ಆದಾಗ ನಾವೇ ಕುಣಿದಿದ್ದೆವು. ಅಂಥವನನ್ನು ಬಿಟ್ಟರಲ್ಲ ಅಂತ ನನಗೆ ಸಿಟ್ಟು ಬಂತು.

ಅದೇ ರಾತ್ರಿ ನಮ್ಮೂರಲ್ಲೂ ಒಂದು ಲಿಸ್ಟ್ ಆಗಬೇಕಿತ್ತು. ಹಬ್ಬ ಮುಗಿದ ಮೇಲೆ ಟೆನಿಸ್ ಬಾಲ್ ಟೂರ್ನಮೆಂಟ್. ಎಂಟು ಓವರಿನ ಆಟ, ಒಬ್ಬ ಬೌಲರ್‌ಗೆ ಎರಡೇ ಓವರ್. ಹೊರಗಿನ ಊರಿನ ಹುಡುಗರನ್ನೂ ಆಡಿಸಬಹುದು. ಪೆಟ್ರೋಲ್ ಖರ್ಚು, ಮ್ಯಾಚಿಗೆ ಇಷ್ಟು ಅಂತ ರೊಕ್ಕ ಕೊಟ್ಟರೆ ಬರುತ್ತಾರೆ. ನಮ್ಮ ಹುಡುಗರು ಹುಕ್ಕೇರಿ ಕಡೆಯ ಒಬ್ಬ ಫಾಸ್ಟ್ ಬೌಲರನ್ನು ನೋಡಿಟ್ಟಿದ್ದರು. ಅವನು ಬಂದರೆ ನಮ್ಮವನೊಬ್ಬ ಹೊರಗೆ ಹೋಗಬೇಕು. ಯಾರು ಅಂತ ಎಲ್ಲರಿಗೂ ಗೊತ್ತಿತ್ತು, ಬಾಯಿ ಬಿಟ್ಟು ಹೇಳುವವರಿರಲಿಲ್ಲ. ಜೆರ್ಸಿಗೆ ಪ್ರತಿವರ್ಷ ರೊಕ್ಕ ಕಳಿಸುವವನು ನಾನು. ಹೀಗಾಗಿ "ಅಣ್ಣಾ, ನೀ ಹೇಳಿದಂಗ ಆಗ್ಲಿ" ಅಂದರು.

ಹೊರಗೆ ಹೋಗಬೇಕಾದವನು ನನ್ನ ದೋಸ್ತ. ಒಂದನೇತ್ತೆಯಿಂದ ಜೊತೆಗೆ ಓದಿದವನು. ಹದಿನೆಂಟರ ವಯಸ್ಸಿನಲ್ಲಿ ಅವನ ಬೌಲಿಂಗ್ ಸ್ಪೀಡ್ ನೋಡಿ ಊರವರು "ಎಕ್ಸ್‌ಪ್ರೆಸ್" ಅಂತ ಹೆಸರಿಟ್ಟಿದ್ದರು. ಈಗ ಅವನಿಗೂ ಮೂವತ್ತು. ಕಬ್ಬಿನ ಹೊಲ, ಎರಡು ಎಮ್ಮೆ, ಇಬ್ಬರು ಮಕ್ಕಳು. ರಾತ್ರಿ ಕರೆಂಟ್ ಬಂದಾಗ ಎದ್ದು ಕಬ್ಬಿಗೆ ನೀರು ಬಿಟ್ಟು, ಬೆಳಿಗ್ಗೆ ಅದೇ ಕಣ್ಣಲ್ಲಿ ಮೈದಾನಕ್ಕೆ ಬರುತ್ತಾನೆ. ಸ್ಪೀಡ್ ಎಲ್ಲಿಂದ ಬರಬೇಕು?

ಇನ್ನೊಂದು ಮಾತೂ ಇದೆ. ನಾನು ಬಿಇ ಓದುವಾಗ ಅಪ್ಪನಿಗೆ ಆಪರೇಷನ್ ಆಯಿತು. ಆ ಎರಡು ತಿಂಗಳು ನಮ್ಮ ಹೊಲಕ್ಕೆ ನೀರು ಬಿಟ್ಟವನು ಇವನೇ. ಪರೀಕ್ಷೆ ಬಿಟ್ಟು ಬರಬೇಡ ಅಂತ ನನಗೆ ಹೇಳಿಯೇ ಇರಲಿಲ್ಲ.

ಇಂಥವನನ್ನು ತಂಡದಿಂದ ತೆಗೆಯೋದು ಹೇಗೆ? ಇಂಜಿನಿಯರ್ ಬುದ್ಧಿ, ಲೆಕ್ಕದ ಹಿಂದೆ ಅಡಗಿಕೊಂಡೆ. ನಮ್ಮ ಸ್ಕೋರ್ ಬರೆಯೋದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ. ಎರಡು ವರ್ಷದ ಪುಟಗಳನ್ನು ಕೂತು ಎಕ್ಸೆಲ್‌ಗೆ ಹಾಕಿದೆ. ಓವರಿಗೆ ಸರಾಸರಿ ಹದಿಮೂರು ರನ್ ಬಂತು. ಎಂಟು ಓವರಿನ ಆಟದಲ್ಲಿ ಅದು ಜಾಸ್ತಿ. "ಹುಕ್ಕೇರಿ ಹುಡುಗನ್ನ ಕರೀರಿ" ಅಂದೆ. ಹುಡುಗರು ರಾತ್ರಿಯೇ ವಾಟ್ಸಾಪ್ ಗ್ರೂಪಿನಲ್ಲಿ ಹನ್ನೊಂದು ಹೆಸರು ಹಾಕಿದರು. ದೋಸ್ತನೂ ಆ ಗ್ರೂಪಿನಲ್ಲಿದ್ದ. ನೋಡಿದ, ಏನೂ ಬರೆಯಲಿಲ್ಲ. ನಾನು ಎರಡು ದಿನ ಬಿಟ್ಟು ಬೆಂಗಳೂರಿನ ಬಸ್ ಹತ್ತಿದೆ. ಅವನ ಮನೆ ಮುಂದೆಯೇ ಹಾದುಹೋದರೂ ಒಳಗೆ ಹೋಗಲಿಲ್ಲ.

ಹುಕ್ಕೇರಿ ಹುಡುಗ ಚೆನ್ನಾಗಿಯೇ ಹಾಕಿದನಂತೆ. ಫೈನಲ್‌ಗೆ ಹೋಗಿ ಸೋತರು.

ನವೆಂಬರ್ 24ರಂದು ಜೆಡ್ಡಾದ ಹರಾಜಿನಲ್ಲಿ ಸಿರಾಜ್‌ನನ್ನು ಗುಜರಾತ್ ಟೈಟನ್ಸ್ 12.25 ಕೋಟಿಗೆ ಕೊಂಡಿತು. ಹಳೆಯ ಆಟಗಾರನನ್ನು ಹರಾಜಿನಲ್ಲೇ ವಾಪಸ್ ಪಡೆಯುವ ಆರ್‌ಟಿಎಂ ಹಕ್ಕು ಆರ್‌ಸಿಬಿ ಬಳಿ ಇತ್ತು, ಅವನಿಗೆ ಬಳಸಲಿಲ್ಲ. ಹ್ಯಾಜಲ್‌ವುಡ್‌ಗೆ 12.50 ಕೋಟಿ, ಭುವನೇಶ್ವರ್ ಕುಮಾರ್‌ಗೆ 10.75 ಕೋಟಿ ಕೊಟ್ಟರು. ಭುವನೇಶ್ವರ್ ಮೊದಲಿನ ಓವರುಗಳಿಗೂ ಬೇಕು, ಕೊನೆಯ ಓವರುಗಳಿಗೂ ಬೇಕು, ಸಿರಾಜ್‌ನನ್ನು ಉಳಿಸಿಕೊಂಡಿದ್ದರೆ ಅದು ಕಷ್ಟವಾಗುತ್ತಿತ್ತು ಅಂತ ತಂಡದ ನಿರ್ದೇಶಕ ಮೊ ಬೊಬಾಟ್ ಆಮೇಲೆ ವಿವರಿಸಿದರು.

2025ರ ಏಪ್ರಿಲ್ 2ರಂದು ಗುಜರಾತ್ ತಂಡ ಚಿನ್ನಸ್ವಾಮಿಗೆ ಬಂತು. ನಾನು ರೂಮಿನಲ್ಲಿ ಟಿವಿ ಮುಂದಿದ್ದೆ. ಸಿರಾಜ್ ಪಡಿಕ್ಕಲ್, ಸಾಲ್ಟ್, ಲಿವಿಂಗ್‌ಸ್ಟನ್ ಮೂವರನ್ನೂ ತೆಗೆದ. 19 ರನ್ನಿಗೆ 3 ವಿಕೆಟ್, ಪಂದ್ಯಶ್ರೇಷ್ಠ. ಏಳು ವರ್ಷ ಇಲ್ಲೇ ಆಡಿದ್ದೆ, ಸ್ವಲ್ಪ ಭಾವುಕನಾಗಿದ್ದೆ ಅಂತ ಪಂದ್ಯ ಮುಗಿದ ಮೇಲೆ ಹೇಳಿದ.

ನನಗೆ ಆಗ ಯಜುವೇಂದ್ರ ಚಾಹಲ್ ನೆನಪಾದ. ಎಂಟು ವರ್ಷ ಆರ್‌ಸಿಬಿಗೆ ಆಡಿದವನು. 2022ರ ಹರಾಜಿನಲ್ಲಿ ರಾಜಸ್ಥಾನಕ್ಕೆ ಹೋಗಿ ಅದೇ ವರ್ಷ 27 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಗೆದ್ದ. ಬಿಟ್ಟಿದ್ದಕ್ಕಿಂತ, ಯಾರೂ ಒಂದು ಫೋನ್ ಕೂಡ ಮಾಡಲಿಲ್ಲ ಅನ್ನೋದು ಅವನಿಗೆ ನೋವಾಗಿತ್ತು. ಸಂದರ್ಶನವೊಂದರಲ್ಲಿ ಅವನೇ ಹೇಳಿಕೊಂಡಿದ್ದ. ಆಗ ನಾನು ತಂಡದವರನ್ನು ಚೆನ್ನಾಗಿ ಬೈದಿದ್ದೆ. ಈಗ ನಾನು ಮಾಡಿದ್ದೇನು?

ಅವತ್ತೇ ರಾತ್ರಿ ದೋಸ್ತನಿಗೆ ಫೋನ್ ಮಾಡಿದೆ. ಐದು ತಿಂಗಳ ಮೇಲೆ.

"ಮ್ಯಾಚ್ ನೋಡಿದೇನಲೇ?" ಅಂದ ಅವನೇ.

"ನೋಡ್ದೆ. ದೋಸ್ತಾ, ಅವತ್ತ ಲಿಸ್ಟ್..."

"ಬಿಡ್ಲೇ. ನನ್ನ ಬಾಲ್ ಎಷ್ಟ್ ಸ್ಪೀಡ್ ಬರ್ತೈತಿ ಅಂತ ನನಗ ಗೊತ್ತಿಲ್ಲೇನು? ನಾನಾ ಕುಂದರ್ತಿದ್ದೆ." ಸ್ವಲ್ಪ ಹೊತ್ತು ಸುಮ್ಮನಾದ. "ಆದ್ರ ನನ್ನ ಮಗ ಮೊಬೈಲ್ ಹಿಡ್ಕೊಂಡ್ ಬಂದು, ಅಪ್ಪಾ ನಿನ್ನ ಹೆಸರಿಲ್ಲ ಅಂದ ನೋಡು. ಅದನ್ನ ನೀ ಬಂದ್ ಹೇಳ್ಬೇಕಿತ್ತು."

ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬ್ ವಿರುದ್ಧ 6 ರನ್ನಿಂದ ಗೆದ್ದು ಮೊದಲ ಸಲ ಕಪ್ ಎತ್ತಿತು. 17ನೇ ಓವರಿನಲ್ಲಿ ವಧೇರಾ, ಸ್ಟೋಯ್ನಿಸ್ ಇಬ್ಬರನ್ನೂ ಔಟ್ ಮಾಡಿದವನು ಭುವನೇಶ್ವರ್. ಹ್ಯಾಜಲ್‌ವುಡ್ ಆ ಸೀಸನ್ನಿನಲ್ಲಿ 22 ವಿಕೆಟ್ ತೆಗೆದಿದ್ದ. ಸಿರಾಜ್‌ನನ್ನು ಬಿಟ್ಟಿದ್ದು ಸರಿಯಾಯ್ತು ಅಂತ ಆಫೀಸಿನಲ್ಲಿ ಎಲ್ಲರೂ ಅಂದರು. ಎರಡು ತಿಂಗಳಿಗೆ, ಆಗಸ್ಟ್ 4ರಂದು ಓವಲ್ ಟೆಸ್ಟಿನಲ್ಲಿ ಇಂಗ್ಲೆಂಡಿನ ಕೊನೆಯ ವಿಕೆಟ್ ಕಿತ್ತು ಭಾರತವನ್ನು ಗೆಲ್ಲಿಸಿದವನು ಸಿರಾಜ್. ಅದೂ 6 ರನ್ನಿಂದಲೇ! ಅದೇ ಜನ, ಇವನನ್ನು ಬಿಡಬಾರದಿತ್ತು ಅಂದರು. ಫಲಿತಾಂಶ ನೋಡಿ ನಿರ್ಧಾರಕ್ಕೆ ಮಾರ್ಕ್ಸ್ ಕೊಡೋದು ಸುಲಭ. ನಿರ್ಧಾರ ಮಾಡುವ ದಿನ ನಮ್ಮ ಕೈಯಲ್ಲಿ ಇರೋದು ಎರಡೇ: ಲೆಕ್ಕ ಸರಿಯಾಗಿ ಮಾಡೋದು, ಸಂಬಂಧಪಟ್ಟವನಿಗೆ ಮೊದಲು ಹೇಳೋದು.

ನಾನು ಎರಡನೆಯದನ್ನು ಮಾಡಿರಲಿಲ್ಲ. ಮೊದಲನೆಯದನ್ನಾದರೂ ಮಾಡಿದ್ದೆನಾ ಅಂತ 2025ರ ದೀಪಾವಳಿಗೆ ಬರುವ ಮೊದಲು ಆ ಎಕ್ಸೆಲ್ ಮತ್ತೆ ತೆಗೆದೆ. ಓವರ್‌ಗಳನ್ನು ಬೇರೆ ಬೇರೆ ಮಾಡಿ ನೋಡಿದರೆ, ಅವನ ಮೊದಲನೇ ಓವರಿಗೆ ಸರಾಸರಿ ಏಳು ರನ್, ಎರಡನೆಯದಕ್ಕೆ ಹತ್ತೊಂಬತ್ತು. ಎರಡನೆಯದನ್ನು ಯಾವಾಗಲೂ ಪಂದ್ಯದ ಕೊನೆಗೇ ಕೊಡುತ್ತಿದ್ದೆವು. ಹಳೆಯ ಎಕ್ಸ್‌ಪ್ರೆಸ್ ಅಲ್ವಾ, ಕೊನೆಯ ಓವರ್ ಅವನದೇ ಅಂತ ರೂಢಿ. ಅಭಿಮಾನಕ್ಕೆ ಕೊಟ್ಟ ಓವರಿನ ರನ್ನುಗಳನ್ನು ಅವನ ತಲೆಗೆ ಕಟ್ಟಿ, ಅದೇ ಸರಾಸರಿ ತೋರಿಸಿ ಅವನನ್ನು ತೆಗೆದಿದ್ದೆ.

ಈ ಸಲ ಊರಿಗೆ ಬಂದ ರಾತ್ರಿಯೇ ಅವನ ಹೊಲಕ್ಕೆ ಹೋದೆ. ಕರೆಂಟ್ ಬಂದಿತ್ತು, ಬ್ಯಾಟರಿ ಹಿಡಿದು ಕಬ್ಬಿನ ಸಾಲಿಗೆ ನೀರು ತಿರುಗಿಸುತ್ತಿದ್ದ. ಬದುವಿನ ಮೇಲೆ ಕೂತು ಹೇಳಿದೆ: "ಮೊದಲನೇ ಓವರ್, ಮೂರನೇ ಓವರ್ ನಿಂದು. ಕೊನೇದು ಹುಕ್ಕೇರಿ ಹುಡುಗಂದು."

"ಮತ್ತ ಮುಂದಿನ ವರ್ಷ?"

"ಮುಂದಿನ ವರ್ಷದ್ದು ಗೊತ್ತಿಲ್ಲ. ಏನಾದ್ರೂ ಲಿಸ್ಟ್ ಹಾಕೂ ಮೊದ್ಲ ನಾನಾ ಬಂದ್ ಹೇಳ್ತೀನಿ."

ಅವನು ಸಲಿಕೆಯಿಂದ ಒಂದು ಹೆಂಟೆ ಮಣ್ಣು ತೆಗೆದು ನೀರು ಪಕ್ಕದ ಸಾಲಿಗೆ ಬಿಟ್ಟ. "ಆಗ್ಲಿ" ಅಂದ. ಆಮೇಲೆ ಬ್ಯಾಟರಿ ನನ್ನ ಕೈಗೆ ಕೊಟ್ಟು, "ಹಿಡಿ, ಆ ಕಡೆ ಬೆಳಕ ಬಿಡು" ಅಂತ ಮುಂದೆ ನಡೆದ.