ಮುಂಗಡ

ನನ್ನ ಕೈಯಲ್ಲಿ ಎರಡು ಆಫರ್ ಲೆಟರ್ ಇದ್ದವು. ಒಂದು ದೊಡ್ಡ ಸರ್ವಿಸ್ ಕಂಪನಿಯದು, ವರ್ಷಕ್ಕೆ 3.6 ಲಕ್ಷ. ಇನ್ನೊಂದು ಬೆಂಗಳೂರಿನ ಸಣ್ಣ ಪ್ರಾಡಕ್ಟ್ ಕಂಪನಿಯದು, 7 ಲಕ್ಷ. "ಇದರಾಗ ವಿಚಾರ ಮಾಡೂದ ಏನೈತಿ?" ಅಂತ ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳಿದರು. ನಾನೂ ಹಾಗೇ ಅಂದುಕೊಂಡು ಶನಿವಾರ ಬನಹಟ್ಟಿಯ ಬಸ್ ಹತ್ತಿದೆ.

ದಾರಿಯಲ್ಲಿ ಸುಮ್ಮನೆ 7 ಲಕ್ಷವನ್ನು ಬಿಡಿಸಿ ನೋಡಿದೆ. ಫಿಕ್ಸೆಡ್ 5.2 ಲಕ್ಷ. ವೇರಿಯಬಲ್ 80 ಸಾವಿರ, ಅದು ಕೊಟ್ಟರೆ ಉಂಟು. ಜಾಯಿನಿಂಗ್ ಬೋನಸ್ 1 ಲಕ್ಷ, ಮೊದಲ ವರ್ಷ ಮಾತ್ರ. ಬೇಸಿಕ್ 2.6 ಲಕ್ಷ, ಅದರ ಶೇ. 12ರಂತೆ ಪಿಎಫ್ ಎರಡು ಸಲ ಹೋಗುತ್ತದೆ, ಯಾಕೆಂದರೆ ಕಂಪನಿಯ ಪಾಲೂ ನಮ್ಮ ಸಿಟಿಸಿ ಒಳಗೇ ಕೂತಿದೆ. ಗ್ರಾಚ್ಯುಟಿ ಅಂತ ಇನ್ನೊಂದು ಶೇ. 4.81. ಕೊನೆಗೆ ಕೈಗೆ ಬರುವುದು ತಿಂಗಳಿಗೆ ಸುಮಾರು 37 ಸಾವಿರ. ಇನ್ನೊಂದರದ್ದು 25 ಸಾವಿರ ಚಿಲ್ಲರೆ. ಜಾಸ್ತಿ ಹೌದು, ದುಪ್ಪಟ್ಟಲ್ಲ.

ದೊಡ್ಡ ಕಂಪನಿಯ ಪತ್ರದಲ್ಲಿ ಸೇರುವ ದಿನಾಂಕವೇ ಇರಲಿಲ್ಲ, "ನಂತರ ತಿಳಿಸಲಾಗುವುದು" ಅಂತಿತ್ತು. ಮುಧೋಳದ ನನ್ನ ರೂಮ್‌ಮೇಟ್ ಅದನ್ನು ಓದಿ ನಕ್ಕಳು. ಹೊಲದಲ್ಲಿ ಕಬ್ಬು ಬಲಿತು ನಿಂತಾಗ, ಕಡಿಯೋ ಗ್ಯಾಂಗ್ ಯಾವಾಗ ಬರತೈತಿ ಅಂದ್ರ ಫ್ಯಾಕ್ಟರಿಯವರು ಹೇಳೋದೂ ಇದೇ ಮಾತಂತೆ.

ಮನೆಯಲ್ಲಿ ಅಪ್ಪ ಮಗ್ಗ ನಿಲ್ಲಿಸಿ ಬಂದು ಕೂತರು. ನಮ್ಮವು ಎರಡು ಪಾವರ್‌ಲೂಮ್. ನೂಲು ಮಾಲಕರದು, ನೇಯ್ದು ಕೊಟ್ಟರೆ ಸೀರೆಗಿಷ್ಟು ಅಂತ ಮಜೂರಿ. ನಾನು ಪತ್ರವನ್ನು ಕನ್ನಡದಲ್ಲಿ ಓದಿ ಹೇಳುತ್ತಾ ಹೋದೆ. ಎರಡು ವರ್ಷದೊಳಗೆ ಬಿಟ್ಟರೆ ಜಾಯಿನಿಂಗ್ ಬೋನಸ್ ಪೂರ್ತಿ ವಾಪಸ್ ಅನ್ನೋ ಸಾಲು ಬಂದಾಗ ಅಪ್ಪ ಕೈ ಎತ್ತಿದರು.

"ಯವ್ವಾ, ಇದು ಮುಂಗಡ."

ನನಗೆ ಒಂದು ಕ್ಷಣ ಮಾತೇ ಬರಲಿಲ್ಲ. ಅಕ್ಕನ ಮದುವೆಗೆ ಅಪ್ಪ ಮಾಲಕರ ಹತ್ತಿರ ತಗೊಂಡ ಮುಂಗಡದ ಬಾಕಿ ಇನ್ನೂ 85 ಸಾವಿರ ಇದೆ. ಬೇರೆಯವರು ಸೀರೆಗೆ ಹತ್ತು ರೂಪಾಯಿ ಹೆಚ್ಚು ಕೊಡ್ತೀನಿ ಅಂದರೂ, ಅದನ್ನು ತೀರಿಸದೆ ಹೋಗೋ ಹಾಗಿಲ್ಲ. ನನ್ನ ಲೆಕ್ಕವೇ ಬೇರೆ ಇತ್ತು: ಆ 1 ಲಕ್ಷ ಬಂದ ಕೂಡಲೇ ಅಪ್ಪನ ಬಾಕಿ ಚುಕ್ತಾ. ಅದಕ್ಕೇ ಓಡಿ ಬಂದಿದ್ದೆ.

"ನನ್ನ ಬಾಕಿ ತೀರಸಾಕ ನೀ ಬಾಕಿ ಮಾಡಬ್ಯಾಡ" ಅಂದು ಅಪ್ಪ ಮತ್ತೆ ಮಗ್ಗಕ್ಕೆ ಹೋದರು.

ಇಂಥ ಷರತ್ತಿಗೆಲ್ಲ ಬೆಲೆ ಇಲ್ಲ, ಸಹಿ ಹಾಕಿಬಿಡು ಅಂತ ಸೀನಿಯರ್ ಒಬ್ಬರು ಹೇಳಿದ್ದರು. ಅದು ಪೂರ್ತಿ ನಿಜವಲ್ಲ. ವಿಜಯಾ ಬ್ಯಾಂಕ್‌ನ ಒಂದು ಪ್ರಕರಣದಲ್ಲಿ, 3 ವರ್ಷ ತುಂಬುವ ಮೊದಲೇ ಬಿಟ್ಟವರು 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದಿದೆ.

ಸೋಮವಾರ ಎಚ್‌ಆರ್‌ಗೆ ಮೇಲ್ ಹಾಕಿದೆ: ಬೋನಸ್ ಬೇಡ, ಆ ಷರತ್ತೂ ಬೇಡ, ಉಳಿದದ್ದು ಒಪ್ಪಿಗೆ. ಮೂರು ದಿನ ಉತ್ತರವಿಲ್ಲ. ಆಫರ್ರೇ ಹೋಯಿತೇನೋ ಅಂತ ಮೆಸ್ಸಿನ ಊಟ ಸೇರಲಿಲ್ಲ. ನಾಲ್ಕನೇ ದಿನ ಫೋನ್ ಬಂತು. "ಹೀಗೆ ಕೇಳಿದವರು ನೀವೇ ಮೊದಲು" ಅಂದರು. ಸಂಜೆಗೆ ಹೊಸ ಪತ್ರ ಬಂತು, 6 ಲಕ್ಷದ್ದು.

ತಿಂಗಳಿಗೆ 10 ಸಾವಿರ ಕಳಿಸಿದರೆ ಅಪ್ಪನ ಬಾಕಿಗೆ ಒಂಬತ್ತು ತಿಂಗಳು ಬೇಕು. ಅವ್ವ ಮಾತ್ರ ಕಂಡಿಕೆ ಸುತ್ತುತ್ತಾ ಇವತ್ತಿಗೂ ಗೊಣಗುತ್ತಾಳೆ: "ಬಂದ ಲಕ್ಷಾ ಬ್ಯಾಡ ಅಂದ್ರಲ್ಲಾ, ಅಪ್ಪಾ ಮಗಳು ಕೂಡಿ!"